ಲಾರಿ ಇಳಿದ ಕರುವಿನ ಮೊದಲ ಮೂರು ವಾರ

ಅಮೆರಿಕದ ಟೆಕ್ಸಾಸ್ ರಾಜ್ಯದ ಉತ್ತರ ತುದಿಯಲ್ಲಿ, ಅಮರಿಲ್ಲೊ ನಗರದ ಸುತ್ತಮುತ್ತ, ಮಾಂಸಕ್ಕಾಗಿ ದನಗಳನ್ನು ಕೊಬ್ಬಿಸುವ ಫೀಡ್‌ಲಾಟ್‌ಗಳಿವೆ. ದೊಡ್ಡ ಫೀಡ್‌ಲಾಟ್ ಒಂದರಲ್ಲೇ ಹತ್ತಾರು ಸಾವಿರ ದನಗಳು ಬಯಲಿನ ಬೇಲಿಗಳೊಳಗೆ ತಿಂಗಳುಗಟ್ಟಲೆ ಕಾಳು ತಿಂದು ಬೆಳೆಯುತ್ತವೆ. ಕರ್ನಾಟಕದಲ್ಲಿ ಪಶುವೈದ್ಯಕೀಯ ಓದಿ, ಎರಡು ಮೂರು ಹಸುಗಳಿರುವ ಕೊಟ್ಟಿಗೆಗಳಲ್ಲಿ ಕೈ ಪಳಗಿಸಿಕೊಂಡಿದ್ದ ನಾನು ಅಂಥ ಒಂದು ಕಡೆ ಕೆಲಸಕ್ಕೆ ಸೇರಿದಾಗ ಮೊದಲು ಕಲಿತದ್ದು ಇದು: ಕರು ಲಾರಿಯಿಂದ ಇಳಿದು ಎಷ್ಟು ದಿನವಾಯಿತೆಂದು ತಿಳಿದರೆ, ಅದಕ್ಕೆ ಏನಾಗಿರಬಹುದೆಂಬುದರ ಅರ್ಧ ಉತ್ತರ ಸಿಕ್ಕಂತೆಯೇ.

ಮೊದಲ ವಾರಗಳ ಕಾಯಿಲೆ ಶ್ವಾಸಕೋಶದ್ದು. ತಾಯಿಯಿಂದ ಆಗಷ್ಟೇ ಬಿಡಿಸಿದ ಕರು ಸಂತೆಯಲ್ಲಿ ಬೇರೆ ಬೇರೆ ಊರಿನ ಕರುಗಳೊಡನೆ ಬೆರೆತು, ನೀರು ಮೇವಿಲ್ಲದೆ ನೂರಾರು ಮೈಲಿ ಪ್ರಯಾಣ ಮಾಡಿ ಬಂದಿರುತ್ತದೆ. ಆ ದಣಿವಿನಲ್ಲಿ ವೈರಸ್ ಸೋಂಕು ಉಸಿರಾಟದ ದಾರಿಯ ರಕ್ಷಣೆಯನ್ನು ಕೆಡಿಸುತ್ತದೆ. ಆರೋಗ್ಯವಂತ ದನದ ಮೂಗು ಗಂಟಲುಗಳಲ್ಲಿ ಸುಮ್ಮನೆ ಬಾಳಿಕೊಂಡಿರುವ ಮ್ಯಾನ್‌ಹೈಮಿಯಾ, ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ಆಗ ಶ್ವಾಸಕೋಶಕ್ಕೆ ಇಳಿಯುತ್ತವೆ. ನಮ್ಮಲ್ಲಿ ಮಳೆಗಾಲದಲ್ಲಿ ದನ ಎಮ್ಮೆಗಳನ್ನು ಕೊಲ್ಲುವ ಗಳಲೆ ರೋಗವೂ ಪಾಶ್ಚುರೆಲ್ಲಾದ್ದೇ ಇನ್ನೊಂದು ಬಗೆಯಿಂದ ಬರುವುದರಿಂದ ಆ ಹೆಸರು ನನಗೆ ಹಳೆಯ ಪರಿಚಯ. ಆದರೆ ಪ್ರಯಾಣವೇ ಅದಕ್ಕೆ ಇಷ್ಟು ದೊಡ್ಡ ಬಾಗಿಲು ತೆರೆಯಬಲ್ಲದೆಂದು ನಾನು ಎಣಿಸಿರಲಿಲ್ಲ. 2011ರಲ್ಲಿ ಅಮೆರಿಕದ ಕೃಷಿ ಇಲಾಖೆ ದೊಡ್ಡ ಫೀಡ್‌ಲಾಟ್‌ಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಅಲ್ಲಿಗೆ ಬಂದ ದನಗಳಲ್ಲಿ ನೂರಕ್ಕೆ ಸುಮಾರು 16ಕ್ಕೆ ಈ ಕಾಯಿಲೆ ತಗುಲಿತ್ತು.

ಒಂದು ಬೆಳಿಗ್ಗೆ, ಕುದುರೆಯ ಮೇಲೆ ಕುಳಿತು ಬೇಲಿಗಳೊಳಗೆ ಸುತ್ತಿ ರೋಗ ಗುರುತಿಸುವ ಕೆಲಸದ ಹಿರಿಯರೊಬ್ಬರು ನನಗೆ ಒಂದು ಕರುವನ್ನು ತೋರಿಸಿದರು. ನನ್ನ ಕಣ್ಣಿಗೆ ಅದರಲ್ಲಿ ಏನೂ ಕಾಣಲಿಲ್ಲ, ಏಕೆಂದರೆ ನಾವು ಹತ್ತಿರ ಹೋದೊಡನೆ ಅದು ಕಿವಿ ನಿಮಿರಿಸಿ ಗುಂಪಿನೊಳಗೆ ಸೇರಿಕೊಂಡಿತು. ಬೇಟೆಗೆ ಬಲಿಯಾಗುವ ಪ್ರಾಣಿ ತನ್ನ ನೋವನ್ನು ತೋರಿಸಿಕೊಳ್ಳುವುದಿಲ್ಲ. ಅವರು ದೂರದಿಂದಲೇ ಬೇರೆ ಗುರುತುಗಳನ್ನು ನೋಡಿದ್ದರು: ಎದ್ದಾಗ ಕರು ಬೆನ್ನು ಚಾಚಿ ಮೈ ಮುರಿಯಲಿಲ್ಲ, ಮೂಗನ್ನು ನೆಕ್ಕಿಕೊಳ್ಳದೆ ಹೊಳ್ಳೆಯ ಅಂಚಿನಲ್ಲಿ ಸಿಂಬಳ ಒಣಗಿತ್ತು, ಎಡ ಪಕ್ಕೆಯ ಹಿಂದೆ ಹೊಟ್ಟೆ ಗುಳಿ ಬಿದ್ದಿತ್ತು. ಥರ್ಮಾಮೀಟರ್ ಇಟ್ಟು ನೋಡಿದರೆ 105.4 ಡಿಗ್ರಿ ಫ್ಯಾರನ್‌ಹೀಟ್. ದನದ ಸಹಜ ತಾಪ 101.5ರ ಆಸುಪಾಸು. ಆ ಕರು ಉಳಿಯಿತು. ಉಳಿಯದೆ ಹೋದ ಇನ್ನೊಂದನ್ನು ಕೊಯ್ದು ನೋಡಿದಾಗ, ಸ್ಪಂಜಿನಂತೆ ಮೆತ್ತಗಿರಬೇಕಾದ ಶ್ವಾಸಕೋಶದ ಮುಂಭಾಗ ಕಪ್ಪುಗೆಂಪಾಗಿ, ಈಲಿಯಂತೆ (ಲಿವರ್) ಗಟ್ಟಿಯಾಗಿ, ಮೇಲೆ ಹಳದಿ ಪೊರೆ ಹೊದ್ದು ಪಕ್ಕೆಲುಬಿಗೆ ಅಂಟಿಕೊಂಡಿತ್ತು. ಅಷ್ಟು ಕೆಟ್ಟ ಶ್ವಾಸಕೋಶಕ್ಕೆ ಯಾವ ಚುಚ್ಚುಮದ್ದೂ ತಲುಪುವುದಿಲ್ಲವೆಂಬುದನ್ನು ಆ ದಿನ ಕೈಯಲ್ಲೇ ಮುಟ್ಟಿ ತಿಳಿದೆ.

ಎರಡನೆಯದು ಹೊಟ್ಟೆಯ ಆಮ್ಲದ ಕಾಯಿಲೆ. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಪ್ರೀತಿಯಿಂದಲೇ ಹಸುವಿನ ಮುಂದೆ ಸುರಿದು, ಮರುದಿನ ಅದು ಮೆಲುಕು ಬಿಟ್ಟು ಮಲಗಿದಾಗ ನಮ್ಮನ್ನು ಕರೆಸುವವರನ್ನು ಊರಿನ ಎಲ್ಲ ಪಶುವೈದ್ಯರೂ ಬಲ್ಲರು. ಫೀಡ್‌ಲಾಟ್‌ನಲ್ಲಿ ಅನ್ನದ ಜಾಗದಲ್ಲಿ ಆವಿಯಲ್ಲಿ ಬೇಯಿಸಿ ಚಪ್ಪಟೆ ಮಾಡಿದ ಮೆಕ್ಕೆಜೋಳವಿರುತ್ತದೆ. ಹುಲ್ಲಿಗೆ ಹೊಂದಿಕೊಂಡಿದ್ದ ಹೊಟ್ಟೆಗೆ ಅಷ್ಟೊಂದು ಪಿಷ್ಟ ಒಮ್ಮೆಗೇ ಬಿದ್ದರೆ ಲ್ಯಾಕ್ಟಿಕ್ ಆಮ್ಲ ಉಕ್ಕಿ, 6ಕ್ಕಿಂತ ಮೇಲಿರಬೇಕಾದ ಪಿಎಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) 5ಕ್ಕಿಂತ ಕೆಳಗೆ ಇಳಿಯುತ್ತದೆ. ಮೈಯ ನೀರೆಲ್ಲ ಹೊಟ್ಟೆಗೆ ಸೆಳೆದುಕೊಂಡು ಕಣ್ಣು ಗುಳಿ ಬೀಳುತ್ತದೆ, ಸಗಣಿ ಹುಳಿ ವಾಸನೆಯ ನೊರೆನೀರಾಗುತ್ತದೆ. ಆದ್ದರಿಂದ ಕಾಳಿನ ಪ್ರಮಾಣವನ್ನು ಸುಮಾರು ಮೂರು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ.

ಆದರೂ ನನ್ನನ್ನು ಹೆಚ್ಚು ಕಾಡಿದ್ದು ಮಲಗಿದ ದನಕ್ಕಿಂತ, ಹೊರಗೆ ಏನನ್ನೂ ತೋರಿಸದೆ ತಿನ್ನುತ್ತಲೇ ಇದ್ದ ದನ. ಆಮ್ಲದಿಂದ ಹೊಟ್ಟೆಯ ಒಳಗೋಡೆಯಲ್ಲಿ ಹುಣ್ಣಾದಾಗ ಫ್ಯೂಸೊಬ್ಯಾಕ್ಟೀರಿಯಂ ಎಂಬ ಜೀವಾಣು ರಕ್ತದ ಮೂಲಕ ಈಲಿಯನ್ನು ಸೇರಿ ಕೀವುಗಡ್ಡೆ ಕಟ್ಟುತ್ತದೆ, ಮತ್ತು ಅದು ಬೆಳಕಿಗೆ ಬರುವುದು ಹೆಚ್ಚಾಗಿ ಕಸಾಯಿಖಾನೆಯಲ್ಲಿ. ಅದನ್ನು ತಡೆಯಲು ಮೇವಿನಲ್ಲಿ ಟೈಲೋಸಿನ್ ಎಂಬ ಆ್ಯಂಟಿಬಯಾಟಿಕ್ ಬೆರೆಸುತ್ತಾರೆ. 2017ರಿಂದ ಅದಕ್ಕೆ ಪಶುವೈದ್ಯರ ಲಿಖಿತ ಆದೇಶ ಬೇಕು. ಅಂಥ ಆದೇಶಗಳಿಗೆ ಸಹಿ ಹಾಕಿದವನಾಗಿ ಹೇಳುತ್ತೇನೆ, ಮೇವಿನ ತಪ್ಪನ್ನು ಔಷಧಿಯಿಂದ ಮುಚ್ಚುತ್ತಿದ್ದೇವೆಂಬ ಅಳುಕು ನನ್ನನ್ನು ಒಮ್ಮೆಯೂ ಬಿಡಲಿಲ್ಲ.

ಕೆಸರಿನ ದಿನಗಳಲ್ಲಿ ಗೊರಸಿನ ಸಂದು ಕೊಳೆಯುವುದಕ್ಕೂ ಇದೇ ಜೀವಾಣು ಕಾರಣ. ಬೇಗ ಗುರುತಿಸಿದರೆ ಗುಣವಾಗುತ್ತದೆ. ಕೊಬ್ಬಿದ ದನಗಳಿಗೆ ಕೊನೆಯ ತಿಂಗಳುಗಳ ಭಯವೆಂದರೆ ಸೆಕೆ. 2022ರ ಜೂನ್‌ನಲ್ಲಿ ಕಾನ್ಸಾಸ್‌ನ ನೈಋತ್ಯ ಭಾಗದಲ್ಲಿ ಬಿಸಿಲು, ತೇವ ಎರಡೂ ಏರಿ ಗಾಳಿ ನಿಂತಾಗ ಕೆಲವೇ ದಿನಗಳಲ್ಲಿ ಕನಿಷ್ಠ 2,000 ದನಗಳು ಸತ್ತವು.

ಹೊಸ ಲಾರಿ ಬರುವ ದಿನ ನಾನು ಹಟ ಹಿಡಿದು ಮಾಡಿಸುತ್ತಿದ್ದದ್ದು ಎರಡೇ ಕೆಲಸ. ತೊಟ್ಟಿಯಲ್ಲಿ ಕಾಳಿಗೆ ಮೊದಲು ಒಳ್ಳೆಯ ಒಣಹುಲ್ಲು ಇರಬೇಕು, ಮತ್ತು ನೀರಿನ ತೊಟ್ಟಿ ತುಂಬಿ ಹೊರಚೆಲ್ಲುತ್ತಿರಬೇಕು. ಹಳ್ಳದಲ್ಲೋ ಕೆರೆಯಲ್ಲೋ ಕುಡಿದು ಬೆಳೆದ ಕರುವಿಗೆ ತೊಟ್ಟಿಯೆಂದರೆ ಏನೆಂದು ಗೊತ್ತಿರುವುದಿಲ್ಲ. ನೀರು ಚೆಲ್ಲುವ ಸದ್ದು ಕೇಳಿಸಿದರೆ ಒಂದು ಕರು ತಲೆಯೆತ್ತಿ ಆ ಕಡೆ ನಡೆಯುತ್ತದೆ, ಉಳಿದವು ಅದರ ಹಿಂದೆ ಹೋಗುತ್ತವೆ.