ಅಭಿಮಾನಿಯಾಗಿದ್ದವನು ಪ್ರಕಾಶಕನಾದಾಗ ಲೇಖಕರ ಬಾಕಿ ಏನಾಯಿತು

ಸಣ್ಣ ಕನ್ನಡ ಪ್ರಕಾಶನ ಸಂಸ್ಥೆಯೊಂದರಲ್ಲಿ ನಾನು ಹಸ್ತಪ್ರತಿ ನೋಡುತ್ತೇನೆ, ಕರಡು ತಿದ್ದುತ್ತೇನೆ, ಲೇಖಕರ ರಾಯಲ್ಟಿ ಲೆಕ್ಕವನ್ನೂ ಬರೆಯುತ್ತೇನೆ. ಕತೆಯ ಮೇಲಿನ ಪ್ರೀತಿ ಮತ್ತು ಹಣದ ಲೆಕ್ಕ ಒಂದೇ ಮೇಜಿನ ಮೇಲಿರುವುದರಿಂದ ಒಂದು ವಿಷಯ ನನಗೆ ದಿನವೂ ಕಣ್ಣಿಗೆ ಬೀಳುತ್ತದೆ. ಸಾಹಿತ್ಯದ ಮೇಲೆ ನಿಜವಾದ ಪ್ರೀತಿ ಇರುವವರ ನಡುವೆಯೇ ಲೇಖಕರ ದುಡ್ಡು ಹೆಚ್ಚು ಬಾಕಿ ಉಳಿಯುತ್ತದೆ. ಮೋಸ ಮಾಡುವ ಉದ್ದೇಶ ಯಾರಿಗೂ ಇರುವುದಿಲ್ಲ. ‘ನಮ್ಮವರೇ ಅಲ್ವಾ, ಆಮೇಲೆ ನೋಡೋಣ’ ಅನ್ನುವ ಸಲಿಗೆ ಇರುತ್ತದೆ, ಅಷ್ಟೇ. ಇದನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವವರು ನ್ಯೂಯಾರ್ಕಿನ ಡೊನಾಲ್ಡ್ ವೊಲ್‌ಹೈಮ್. ಅಮೆರಿಕದ ಸೈನ್ಸ್ ಫಿಕ್ಷನ್ ಅಭಿಮಾನಿ ಬಳಗದಿಂದ ಎದ್ದು ಬಂದು, ಆ ಸಾಹಿತ್ಯಕ್ಕೆ ಪೇಪರ್‌ಬ್ಯಾಕ್ ಮಾರುಕಟ್ಟೆಯನ್ನು ಕಟ್ಟಿಕೊಟ್ಟವರಲ್ಲಿ ಮುಖ್ಯರಾದ ಸಂಪಾದಕ ಅವರು.

ಅವರ ವೃತ್ತಿ ಶುರುವಾದದ್ದೇ ಬಾರದ ದುಡ್ಡಿನಿಂದ. 1934ರ ಜನವರಿಯಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಹ್ಯೂಗೊ ಗರ್ನ್ಸ್‌ಬ್ಯಾಕ್ ಅವರ ‘ವಂಡರ್ ಸ್ಟೋರೀಸ್’ ಪತ್ರಿಕೆಯಲ್ಲಿ ಅವರ ಮೊದಲ ಕತೆ ಅಚ್ಚಾಯಿತು. ಸಂಭಾವನೆ ಬರಲಿಲ್ಲ. ವಿಚಾರಿಸಿದರೆ ಬೇರೆ ಎಳೆಯ ಲೇಖಕರದ್ದೂ ಅದೇ ಪಾಡು. ಎಲ್ಲರೂ ಸೇರಿ ವಕೀಲರನ್ನು ಹಿಡಿದರು. ಕೊನೆಗೆ 75 ಡಾಲರಿಗೆ ಕೋರ್ಟಿನ ಹೊರಗೆ ರಾಜಿಯಾಯಿತು. ಗರ್ನ್ಸ್‌ಬ್ಯಾಕ್ ಅವರೇ ಹುಟ್ಟುಹಾಕಿದ್ದ ಓದುಗರ ಸಂಘ ‘ಸೈನ್ಸ್ ಫಿಕ್ಷನ್ ಲೀಗ್’ನಿಂದ ಮುಂದೆ ವೊಲ್‌ಹೈಮ್ ಅವರನ್ನು ಉಚ್ಚಾಟಿಸಲಾಯಿತು.

ಅವರು ಸುಮ್ಮನೆ ಕೂರುವ ಜಾಯಮಾನದವರಲ್ಲ. 1937ರಲ್ಲಿ ಅಭಿಮಾನಿಗಳು ತಾವೇ ಅಚ್ಚು ಹಾಕಿಕೊಂಡ ಪತ್ರಿಕೆಗಳನ್ನು ಪರಸ್ಪರ ಹಂಚಿಕೊಳ್ಳುವ ಕೂಟವೊಂದನ್ನು ಶುರು ಮಾಡಿದರು. ಮರುವರ್ಷ ಗೆಳೆಯರ ಜೊತೆ ‘ಫ್ಯೂಚೂರಿಯನ್ಸ್’ ಬಳಗ ಕಟ್ಟಿದರು. 1939ರಲ್ಲಿ ನ್ಯೂಯಾರ್ಕಿನಲ್ಲೇ ನಡೆದ ಮೊದಲ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನದ ಬಾಗಿಲಲ್ಲಿ ಎದುರು ಬಣದವರು ಇವರನ್ನೂ ಇವರ ಸಂಗಡಿಗರಲ್ಲಿ ಕೆಲವರನ್ನೂ ತಡೆದರು.

ನನಗೆ ಅತ್ಯಂತ ಮುಖ್ಯ ಅನ್ನಿಸುವುದು 1941. ಆ ವರ್ಷ ಅವರು ‘ಸ್ಟಿರಿಂಗ್ ಸೈನ್ಸ್ ಸ್ಟೋರೀಸ್’, ‘ಕಾಸ್ಮಿಕ್ ಸ್ಟೋರೀಸ್’ ಎಂಬ ಎರಡು ಪತ್ರಿಕೆಗಳಿಗೆ ಸಂಪಾದಕರಾದರು. ಕತೆಗಳಿಗೆಂದು ಒಂದು ಕಾಸೂ ಇರಲಿಲ್ಲ. ಫ್ಯೂಚೂರಿಯನ್ ಗೆಳೆಯರು ಸ್ನೇಹಕ್ಕಾಗಿ ಬರೆದುಕೊಟ್ಟರು. ಆಗಷ್ಟೇ ಹೆಸರು ಮಾಡುತ್ತಿದ್ದ ಐಸಾಕ್ ಅಸಿಮೋವ್ ಕೂಡ, ಬೇರೆಲ್ಲೂ ಮಾರಾಟವಾಗದ ಕತೆಯೊಂದನ್ನು ಕೊಟ್ಟರು. ಆಮೇಲೆ ಇನ್ನೊಂದು ಪತ್ರಿಕೆಯ ಸಂಪಾದಕರಾಗಿದ್ದ ಎಫ್. ಆರ್ಲಿನ್ ಟ್ರಿಮೇನ್ ಅವರು ಅಸಿಮೋವ್‌ಗೆ ಎಚ್ಚರಿಕೆ ಕೊಟ್ಟರು: ಪುಕ್ಕಟೆ ಕತೆ ಹಾಕುವ ಪತ್ರಿಕೆಗಳು ದುಡ್ಡು ಕೊಡುವ ಪತ್ರಿಕೆಗಳ ಓದುಗರನ್ನು ಕಿತ್ತುಕೊಳ್ಳುತ್ತವೆ, ಅಂಥವುಗಳಿಗೆ ಬರೆಯುವವರನ್ನು ದೂರ ಇಡಬೇಕು ಎಂದು. ಅಸಿಮೋವ್ ಗಾಬರಿಯಾಗಿ, ಒಂದೋ ಹೆಸರು ತೆಗೆಯಿರಿ, ಇಲ್ಲವೇ ದುಡ್ಡು ಪಡೆದೆ ಎಂದು ಹೇಳಿಕೊಳ್ಳಲು ಐದು ಡಾಲರ್ ಕೊಡಿ ಎಂದು ಕೇಳಿದರು. ವೊಲ್‌ಹೈಮ್ ಐದು ಡಾಲರ್ ಕಳಿಸಿದರು, ಜೊತೆಗೆ ಖಾರವಾದ ಒಂದು ಪತ್ರವನ್ನೂ. ಕೇವಲ ಏಳು ವರ್ಷದ ಹಿಂದೆ ತನ್ನ ಸಂಭಾವನೆಗಾಗಿ ವಕೀಲರ ಬಳಿ ಹೋಗಿದ್ದ ವ್ಯಕ್ತಿ ಇವರೇ! ದುಡ್ಡು ಕೇಳಿದ ಲೇಖಕನ ಮೇಲೆ ಸಂಪಾದಕನಿಗೆ ಸಿಟ್ಟು ಬರುವುದಕ್ಕೆ ಅವನು ಕೆಟ್ಟವನಾಗಿರಬೇಕಿಲ್ಲ, ಕುರ್ಚಿ ಬದಲಾದರೆ ಸಾಕು.

ಅದೇ ವರ್ಷದ ಇನ್ನೊಂದು ಸಂಗತಿ ಕರಡು ತಿದ್ದುವವರ ಎದೆ ಝಲ್ಲೆನಿಸುವಂಥದ್ದು. ಡೇಮನ್ ನೈಟ್ ಎಂಬ ಹದಿಹರೆಯದ ಹುಡುಗನ ಮೊದಲ ಕತೆ ‘ಸ್ಟಿರಿಂಗ್’ನ ಮೊದಲ ಸಂಚಿಕೆಯಲ್ಲಿ ಬಂತು. ಅದರಲ್ಲಿ ಸುಲಭವಾಗಿ ಒಡೆದುಹೋಗುವ ಮೈಯುಳ್ಳ ‘ಬ್ರಿಟಲ್ ಪೀಪಲ್’ ಇದ್ದಾರೆ. ಅಚ್ಚಿನಲ್ಲಿ ಅದು ‘ಲಿಟಲ್ ಪೀಪಲ್’ ಆಗಿ, ಇಡೀ ಕತೆ ಅರ್ಥ ಕಳೆದುಕೊಂಡಿತು. ಆ ಹುಡುಗನಿಗೆ ದುಡ್ಡೂ ಇಲ್ಲ, ಕತೆಯೂ ನೆಟ್ಟಗೆ ಬರಲಿಲ್ಲ. ಪುಕ್ಕಟೆ ಪಡೆದ ಬರಹದ ಕರಡನ್ನು ಅವಸರದಲ್ಲಿ ನೋಡುವ ಅಭ್ಯಾಸ ನಮ್ಮ ಕಡೆಯೂ ಉಂಟು. ಸಂಭಾವನೆ ಕೊಟ್ಟ ಲೇಖನವನ್ನು ನಾವು ಎರಡು ಸಲ ಓದುತ್ತೇವೆ.

ಹೊಸ ಲೇಖಕರು ನನ್ನ ಮುಂದೆ ಕುಳಿತು, “ದುಡ್ಡಿನ ಮಾತೆಲ್ಲ ಯಾಕೆ ಮೇಡಂ, ಪುಸ್ತಕ ಚೆನ್ನಾಗಿ ಬಂದರೆ ಸಾಕು” ಅನ್ನುತ್ತಾರೆ. ಆ ಮಾತನ್ನು ಕೇಳಿದ ಕ್ಷಣವೇ ನಾನು ಒಪ್ಪಂದದ ಹಾಳೆ ತೆಗೆದು, ಎಷ್ಟು ಪ್ರತಿ, ಮುಖಬೆಲೆ ಎಷ್ಟು, ಶೇಕಡಾ ಎಷ್ಟು, ಗೌರವ ಪ್ರತಿ ಎಷ್ಟು ಎಂದು ಬರೆಯಲು ಶುರು ಮಾಡುತ್ತೇನೆ. ಸಂಕೋಚ ಅವರದ್ದು. ಅದರ ಲಾಭ ನಮಗೆ ಆಗಬಾರದು.

ವೊಲ್‌ಹೈಮ್ ಅವರ ಕಣ್ಣು ಮಾತ್ರ ಅಪರೂಪದ್ದು. ಅಗ್ಗದ ಪೇಪರ್‌ಬ್ಯಾಕ್‌ನಲ್ಲಿ ಮೊದಲ ಸೈನ್ಸ್ ಫಿಕ್ಷನ್ ಸಂಕಲನ ತಂದದ್ದು ಅವರು, 1943ರಲ್ಲಿ. ಏವನ್ ಪ್ರಕಾಶನ ಸಂಸ್ಥೆಯಲ್ಲಿ ಕೆಲಸ ಮಾಡಿ, 1952ರಲ್ಲಿ ಎ. ಎ. ವಿನ್ ಅವರ ಏಸ್ ಬುಕ್ಸ್‌ಗೆ ಬಂದರು. ಅಲ್ಲಿಯ ‘ಏಸ್ ಡಬಲ್’ ಪ್ರಸಿದ್ಧ: ಒಂದೇ ಪುಸ್ತಕದಲ್ಲಿ ಎರಡು ಕಾದಂಬರಿ, ತಿರುಗಿಸಿ ತಲೆಕೆಳಗು ಮಾಡಿದರೆ ಇನ್ನೊಂದು ಮುಖಪುಟ. ಪುಟಮಿತಿ ಬಿಗಿ, ಹಾಗಾಗಿ ಹಸ್ತಪ್ರತಿಗೆ ಕತ್ತರಿ ಬೀಳುತ್ತಿತ್ತು. ಸ್ಯಾಮ್ಯುಯೆಲ್ ಡಿಲೇನಿ ಅವರ ಮೊದಲ ಕಾದಂಬರಿ 1962ರಲ್ಲಿ ಹಾಗೆ ಮೊಟಕಾಗಿಯೇ ಬಂತು. ಫಿಲಿಪ್ ಕೆ. ಡಿಕ್ ಅವರ ಮೊದಲ ಕಾದಂಬರಿ 1955ರಲ್ಲಿ, ಉರ್ಸುಲಾ ಲೆ ಗ್ವಿನ್ ಅವರದ್ದು 1966ರಲ್ಲಿ ಬಂದದ್ದೂ ಏಸ್‌ನಿಂದಲೇ. ಮುಂದೆ ದೊಡ್ಡ ಹೆಸರಾದ ಇಷ್ಟು ಜನರನ್ನು ಮೊದಲು ಗುರುತಿಸಿದ್ದಕ್ಕೆ, ಎಳೆಯ ವಯಸ್ಸಿನಿಂದ ಓದಿಕೊಂಡು ಬಂದ ಅಭಿಮಾನವೇ ಕಾರಣ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬಂತು 1965. ಇಂಗ್ಲೆಂಡಿನ ಲೇಖಕ ಟೋಲ್ಕಿನ್ ಅವರ ಫ್ಯಾಂಟಸಿ ಕಾದಂಬರಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಅಮೆರಿಕನ್ ಪ್ರಕಾಶಕರು ಬ್ರಿಟನ್ನಿನಲ್ಲಿ ಅಚ್ಚಾದ ಹಾಳೆಗಳನ್ನು ಅಂದಿನ ಕಾನೂನಿನ ಮಿತಿ ಮೀರಿ ತರಿಸಿದ್ದರು, ಹಾಗಾಗಿ ಅಮೆರಿಕದಲ್ಲಿ ಅದಕ್ಕೆ ಹಕ್ಕುಸ್ವಾಮ್ಯದ ರಕ್ಷಣೆ ಇಲ್ಲ ಎಂಬುದು ವೊಲ್‌ಹೈಮ್ ಅವರ ವಾದ. ಅನುಮತಿ ಇಲ್ಲದೆ, ರಾಯಲ್ಟಿ ಇಲ್ಲದೆ, ಸಂಪುಟಕ್ಕೆ 75 ಸೆಂಟಿನಂತೆ ಏಸ್ ಮೂರೂ ಸಂಪುಟ ಹೊರತಂದಿತು. ಬ್ಯಾಲಂಟೈನ್ ಪ್ರಕಾಶನದವರ ಅಧಿಕೃತ ಪ್ರತಿಯ ಬೆಲೆ 95 ಸೆಂಟ್. ತನ್ನ ಒಪ್ಪಿಗೆ ಇರುವುದು ಇದಕ್ಕೆ ಮಾತ್ರ ಎಂಬ ಟೋಲ್ಕಿನ್ ಅವರ ಹೇಳಿಕೆ ಅದರ ಹಿಂಬದಿಯಲ್ಲಿತ್ತು. ಟೋಲ್ಕಿನ್ ತಮಗೆ ಬರೆಯುತ್ತಿದ್ದ ಅಮೆರಿಕದ ಓದುಗರಿಗೂ ಈ ಸಂಗತಿ ತಿಳಿಸಿದರು. 20 ಸೆಂಟ್ ಹೆಚ್ಚು ಕೊಟ್ಟು ಓದುಗರು ಲೇಖಕನ ಪರ ನಿಂತರು. ಕೊನೆಗೆ ಏಸ್ ಮಾರಿದ ಪ್ರತಿಗಳಿಗೆ ರಾಯಲ್ಟಿ ಕೊಟ್ಟು, ಮರುಮುದ್ರಣ ನಿಲ್ಲಿಸಿತು. ವೊಲ್‌ಹೈಮ್ ಅವರ ಕಾನೂನಿನ ವಾದವೂ ಮುಂದೆ ಬಿದ್ದುಹೋಯಿತು. 1992ರಲ್ಲಿ ಅಮೆರಿಕದ ನ್ಯಾಯಾಲಯ ಹಕ್ಕುಸ್ವಾಮ್ಯ ಊರ್ಜಿತ ಎಂದಿತು. ಈ ಪುಸ್ತಕ ಲಕ್ಷಾಂತರ ಜನರ ಕೈಗೆ ಹೋಗಬೇಕು ಎಂಬ ವೊಲ್‌ಹೈಮ್ ಅವರ ಆಸೆ ನಿಜವಾದದ್ದೇ. ಆದರೆ ಎಷ್ಟೇ ದೊಡ್ಡ ಆಸೆಯಿದ್ದರೂ ಲೇಖಕನ ಪಾಲು ಲೇಖಕನದ್ದೇ.

1967ರಲ್ಲಿ ವಿನ್ ತೀರಿಕೊಂಡರು. ಏಸ್ ಕೈ ಬದಲಾಯಿತು, ಲೇಖಕರ ಬಾಕಿ ಬೆಳೆಯತೊಡಗಿತು. 1971ರಲ್ಲಿ ವೊಲ್‌ಹೈಮ್ ಹೊರಬಂದರು. ಪತ್ನಿ ಎಲ್ಸಿ ಅವರ ಜೊತೆ ತಮ್ಮ ಹೆಸರಿನ ಮೊದಲಕ್ಷರಗಳ ‘ಡಿಎಡಬ್ಲ್ಯು ಬುಕ್ಸ್’ ಕಟ್ಟಿ, ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿಯನ್ನು ಮಾತ್ರ ಪ್ರಕಟಿಸುತ್ತೇವೆ ಎಂದರು. 1972ರ ಏಪ್ರಿಲ್‌ನಲ್ಲಿ ಮೊದಲ ಪುಸ್ತಕಗಳು ಬಂದವು. ಏಸ್ ಕಾಲದ ಆಂಡ್ರೆ ನಾರ್ಟನ್ ಅಂಥ ಲೇಖಕರು ಇವರ ಹಿಂದೆಯೇ ಬಂದರು. ಪಟ್ಟಿಯ ಒಂದನೇ ನಂಬರು ನಾರ್ಟನ್ ಅವರದ್ದೇ. ಟ್ಯಾನಿತ್ ಲೀ, ಸಿ. ಜೆ. ಚೆರ್ರಿ ಆಮೇಲೆ ಅಲ್ಲೇ ಬೆಳೆದರು. 1985ರಿಂದ ಮಗಳು ಬೆಟ್ಸಿ ಸಂಸ್ಥೆ ನೋಡಿಕೊಂಡರು. 1990ರಲ್ಲಿ ವೊಲ್‌ಹೈಮ್ ತೀರಿಕೊಂಡರು.

ನಮ್ಮಲ್ಲಿ ಈಗ ಹಸ್ತಪ್ರತಿ ಒಪ್ಪಿಗೆಯಾದ ದಿನವೇ ಲೇಖಕರ ಬ್ಯಾಂಕ್ ವಿವರ ಪಡೆಯುತ್ತೇವೆ. ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕಪತ್ರ ಕಳಿಸುತ್ತೇವೆ: ಮುದ್ರಿಸಿದ್ದು, ಮಾರಿದ್ದು, ಗೋದಾಮಿನಲ್ಲಿ ಉಳಿದದ್ದು, ಅಂಗಡಿಗಳಿಂದ ಬರಬೇಕಾದದ್ದು. ಒಂದೂ ಪ್ರತಿ ಮಾರದ ವರ್ಷವೂ ಪತ್ರ ಹೋಗುತ್ತದೆ. ಮೊದಲ ಸಲ ಹಾಗೆ ಪತ್ರ ಹೋದಾಗ ಹಿರಿಯ ಲೇಖಕರೊಬ್ಬರು ಫೋನ್ ಮಾಡಿ, “ಮಾರಾಟ ಆಗಿಲ್ಲ ಅಂತ ತಿಳಿಸಿದವರು ನೀವೇ ಮೊದಲು ಕಣಮ್ಮ” ಎಂದು, ಮುಂದಿನ ಹಸ್ತಪ್ರತಿಯ ವಿಷಯ ಎತ್ತಿದರು. ಆ ಲೆಕ್ಕಪತ್ರದ ನಮೂನೆ ಒಂದೇ ಪುಟದ್ದು. ಬೇರೆ ಪ್ರಕಾಶನದ ಗೆಳೆಯರು ಯಾರಾದರೂ ಕೇಳಿದರೆ ಕಳಿಸಿಕೊಡುತ್ತೇನೆ.