ಓದಲು ತಡವರಿಸಿದ ಡಿಸ್ಕು

ಆ ದಿನ ಬೆಳಗ್ಗೆ ಲ್ಯಾಪ್‌ಟಾಪ್ ಆನ್ ಆಗುವುದಕ್ಕೇ 11 ನಿಮಿಷ ಹಿಡಿಯಿತು. ಅಪ್ಪನ ಪತ್ರಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದ ಫೋಲ್ಡರನ್ನು ತೆರೆದಾಗ ಮೊದಲ ಕೆಲವು ಪುಟಗಳು ಮೂಡಿ, ಆಮೇಲೆ ಪರದೆ ಸ್ತಬ್ಧವಾಯಿತು. ಕೀಬೋರ್ಡಿನ ಎಡಮೂಲೆಗೆ ಕಿವಿಗೊಟ್ಟರೆ, ಡಿಸ್ಕು ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿರುವ ಸಣ್ಣ ಕರಕರ ಸದ್ದು ಕೇಳಿಸುತ್ತಿತ್ತು. ಆ ಪತ್ರಗಳ ಮೂಲಪ್ರತಿಗಳನ್ನು ಗೆದ್ದಲು ತಿಂದು ಬಹಳ ಕಾಲವಾಗಿತ್ತು, ಸ್ಕ್ಯಾನ್‌ಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಡಿಸ್ಕು ತನ್ನ ಸ್ಥಿತಿಯನ್ನು ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ ವರದಿಯನ್ನು ತೆಗೆದು ನೋಡಿದೆ. ಒಟ್ಟು ಫಲಿತಾಂಶದಲ್ಲಿ ‘ಪಾಸ್’ ಎಂದೇ ಇತ್ತು, ಆದರೆ ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕಿನ ಅತಿ ಚಿಕ್ಕ ಸಂಗ್ರಹ ಭಾಗಗಳ) ಸಾಲಿನಲ್ಲಿ 64 ಎಂಬ ಸಂಖ್ಯೆಯಿತ್ತು. ಆ ಸಾಲಿನಲ್ಲಿ ಸೊನ್ನೆ ಇರಬೇಕು.

ದೋಷ ಸರಿಪಡಿಸುವ ತಂತ್ರಾಂಶವನ್ನು ಓಡಿಸಿ ನೋಡಿ ಎಂದು ಗೆಳೆಯರೊಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ಅಂಥ ತಂತ್ರಾಂಶವು ಕಡತಗಳ ವ್ಯವಸ್ಥೆಯನ್ನು ಸರಿಪಡಿಸುವ ಭರದಲ್ಲಿ ಅದೇ ಡಿಸ್ಕಿನ ಮೇಲೆ ಹೊಸದಾಗಿ ಬರೆಯುತ್ತದೆ. ಸವೆಯುತ್ತಿರುವ ಡಿಸ್ಕಿಗೆ ಅದು ಹೆಚ್ಚುವರಿ ಹೊರೆ, ಉಳಿದಿರುವ ಕಡತಗಳಿಗೂ ಅಪಾಯ. ಮುಚ್ಚಳ ಬಿಚ್ಚುವುದಂತೂ ದೂರದ ಮಾತು, ಏಕೆಂದರೆ ಓದುವ ಹೆಡ್ಡು ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ, ಅದರ ಮುಂದೆ ಧೂಳಿನ ಕಣವೂ ಬಂಡೆಯೇ. ಕೆಳಗಿನ ಸರ್ಕ್ಯೂಟ್ ಬೋರ್ಡನ್ನು ಅದೇ ಮಾದರಿಯ ಇನ್ನೊಂದರಿಂದ ಬದಲಾಯಿಸಿದರೆ ಸಾಕೆಂಬ ನಂಬಿಕೆಯೂ ಈಗಿನ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಫಲಿಸುವುದಿಲ್ಲ: ಆಯಾ ಡಿಸ್ಕಿಗೆಂದೇ ಹೊಂದಿಸಿದ ಮೌಲ್ಯಗಳು ಆ ಬೋರ್ಡಿನ ಚಿಪ್ಪಿನಲ್ಲಿರುತ್ತವೆ. ಹೀಗಾಗಿ ನನ್ನ ಮುಂದಿದ್ದ ಮೊದಲ ಪ್ರಶ್ನೆ ಡಿಸ್ಕಿನದಾಗಿರಲಿಲ್ಲ, ಪತ್ರಗಳದಾಗಿತ್ತು. ಅವು ಕೈಗೆ ಬರುವವರೆಗೆ ಹೊಸದನ್ನು ಕೊಳ್ಳುವ ವಿಚಾರವನ್ನೇ ಬದಿಗಿಟ್ಟೆ.

ಲ್ಯಾಪ್‌ಟಾಪನ್ನು ಪೆನ್‌ಡ್ರೈವಿನಲ್ಲಿದ್ದ ಲಿನಕ್ಸ್‌ನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕನ್ನು ಎರವಲು ತಂದ ಹೊರಗಿನ ಡಿಸ್ಕಿಗೆ ನಕಲಿಸತೊಡಗಿದೆ. ಅದು ಸುಲಭವಾಗಿ ಓದಿಸಿಕೊಳ್ಳುವ ಭಾಗಗಳನ್ನೆಲ್ಲ ಮೊದಲು ಬಾಚಿಕೊಂಡು, ತಡವರಿಸುವ ಕಡೆಗಳನ್ನು ಗುರುತು ಹಾಕಿಟ್ಟು ಕೊನೆಗೆ ಅಲ್ಲಿಗೆ ಮರಳುತ್ತದೆ. ಒಂದು ಟೆರಾಬೈಟ್ ಎಂದರೆ ಸುಸ್ಥಿತಿಯ ಡಿಸ್ಕಿನಿಂದ ಮೂರು ಗಂಟೆಯ ಕೆಲಸ. ನನಗೆ ಎರಡು ಹಗಲು, ಒಂದು ರಾತ್ರಿ ಬೇಕಾಯಿತು. ಚಿಕ್ಕ ಫ್ಯಾನೊಂದನ್ನು ಲ್ಯಾಪ್‌ಟಾಪಿನ ಕಡೆಗೆ ತಿರುಗಿಸಿಟ್ಟು, ರಾತ್ರಿ ಎರಡು ಸಲ ಎದ್ದು ನೋಡಿದೆ. ಕೊನೆಯಲ್ಲಿ ಓದಲಾಗದೆ ಉಳಿದದ್ದು 36 ಕಿಲೋಬೈಟ್.

ಆಮೇಲಿನ ತೀರ್ಮಾನ ಬೇಗನೆ ಆಯಿತು. ಹಳೆಯದು ನಿಮಿಷಕ್ಕೆ 5400 ಸುತ್ತಿನದು. ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಬೇಕಾದ ಕಾರಣ, ಚದುರಿದ ಸಣ್ಣ ಕಡತಗಳನ್ನು ಹುಡುಕುವಾಗ ಅದು ಬಳಲುತ್ತಿತ್ತು. ಎಸ್‌ಎಸ್‌ಡಿಗೆ ತಿರುಗುವ ಭಾಗವೇ ಇಲ್ಲ, ಅದು ಮಾಹಿತಿಯನ್ನು ಚಿಪ್ಪುಗಳಲ್ಲಿ ಇಡುತ್ತದೆ. ನನ್ನ ಯಂತ್ರದಲ್ಲಿ ತೆಳು ಪಟ್ಟಿಯಂಥ ಡಿಸ್ಕನ್ನು ಕೂರಿಸುವ ಎಂ.2 ಕಿಂಡಿ ಇರಲಿಲ್ಲವಾದ್ದರಿಂದ ವೇಗದ ಎನ್‌ವಿಎಂಇ ಮಾದರಿಯ ಆಸೆ ಬಿಟ್ಟು, ಹಳೆಯ ಡಿಸ್ಕಿನ ಜಾಗದಲ್ಲೇ ಕೂರುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯನ್ನೇ ಕೊಂಡೆ. ಆದರೆ ಎಸ್‌ಎಸ್‌ಡಿ ಕೆಡುವಾಗ ಹಲವು ಸಲ ಕರಕರ ಎಂಬ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಅಳಿಸಿದ ಕಡತಗಳ ಜಾಗವನ್ನು ಖಾಲಿ ಮಾಡಿಸುವ ಟ್ರಿಮ್ ವ್ಯವಸ್ಥೆಯಿಂದಾಗಿ ಅದರಿಂದ ಅಳಿಸಿದ ಕಡತವನ್ನು ಮರಳಿ ಪಡೆಯುವುದೂ ಬಹುಮಟ್ಟಿಗೆ ಅಸಾಧ್ಯ. ಆದ್ದರಿಂದ ಪ್ರತಿ ಇಡುವುದಕ್ಕೆಂದೇ ತಿರುಗುವ ಹೊರಗಿನ ಡಿಸ್ಕೊಂದನ್ನು ಅದರ ಜೊತೆಗೇ ತಂದೆ.

ಆ 36 ಕಿಲೋಬೈಟ್ ಎಲ್ಲಿ ಹೋಯಿತೆಂದು ಹುಡುಕಿದಾಗ ಒಂದು ಪತ್ರದ ಎರಡನೆಯ ಪುಟ ಸಿಕ್ಕಿತು. ಮೇಲ್ಭಾಗದಲ್ಲಿ ಅಪ್ಪನ ಬಾಗಿದ ಅಕ್ಷರಗಳ ಒಂಬತ್ತು ಸಾಲುಗಳು ಸ್ಪಷ್ಟವಾಗಿವೆ; ಹತ್ತನೆಯ ಸಾಲಿನ ನಡುವಿನಿಂದ ಕೆಳಗೆ, ಸಹಿಯ ಜಾಗವೂ ಸೇರಿ, ಪುಟವೆಲ್ಲ ಬೂದು ಬಣ್ಣ.