ಕಕ್ಕಡ 18, ಎರಡು ಸೆಕೆಂಡಿನ ಇಂಜಿನ್

3 ಆಗಸ್ಟ್ 2025, ಭಾನುವಾರ
ವಿರಾಜಪೇಟೆ

ನಿನ್ನೆ ಮಧ್ಯಾಹ್ನ ಹೋದ ಕರೆಂಟ್ ಇನ್ನೂ ಬಂದಿಲ್ಲ. ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದೆ. ಒಳಗೆ ಅಕ್ಕ ಮದ್ದು ಸೊಪ್ಪು ಕುದಿಸುತ್ತಿದ್ದಾಳೆ. ಆ ವಾಸನೆ ಶೆಡ್ಡಿನವರೆಗೂ ಬಂದು ಪೆಟ್ರೋಲ್ ವಾಸನೆಯ ಜೊತೆ ಸೇರಿಕೊಂಡಿದೆ. ಇವತ್ತು ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಸೊಪ್ಪಿನಲ್ಲಿ ಹದಿನೆಂಟು ಥರದ ಔಷಧಿ ಸೇರಿರುವ ದಿನ ಅಂತಾರೆ. ನನಗೆ ಮಾತ್ರ ಎರಡು ದಿನದಿಂದ ತಲೆಯಲ್ಲಿ ಇರುವುದು ಒಂದೇ ಒಂದು ರಿಲೇ, ಕರೆಂಟಿನಿಂದಲೇ ನಡೆಯುವ ಒಂದು ಸಣ್ಣ ಸ್ವಿಚ್.

ಗಾಡಿ ದೊಡ್ಡಪ್ಪನದು. 1.6 ಲೀಟರಿನ ಹಳೇ ಮಾಜ್ದಾ ಎಂಎಕ್ಸ್-5. ಇಂಗ್ಲೆಂಡಿನಿಂದ ವಾಪಸ್ ಬರುವಾಗ ಜೊತೆಗೆ ತಂದದ್ದು. ಎರಡೇ ಸೀಟು, ಬಟ್ಟೆಯ ಟಾಪು, ತೂಕ ಒಂದು ಟನ್ನಿಗೂ ಕಡಿಮೆ. ಹೆಡ್‌ಲೈಟ್ ಹಾಕಿದರೆ ಕಪ್ಪೆ ಕಣ್ಣಿನ ಹಾಗೆ ಮೇಲೆದ್ದು ಬರುತ್ತವೆ. ಪಕ್ಕದ ಲೈನ್‌ಮನೆ ಮಕ್ಕಳಿಗೆ ಅದನ್ನು ದಿನಕ್ಕೆ ಒಂದು ಸಲವಾದರೂ ತೋರಿಸಬೇಕು.

ಇಂಜಿನ್ನಿಗೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಅಂತ ಲೆಕ್ಕ ಹಾಕುವ ಅದರ ಹಳೇ ಕಂಪ್ಯೂಟರ್ ಡಬ್ಬಿ ತೆಗೆದು ಹೊಸದು ಹಾಕಲು ಎರಡು ಕಾರಣ. ಒಂದು, ಮುಚ್ಚಳ ಬಿಚ್ಚಿದಾಗ ಒಳಗಿನ ಕೆಪಾಸಿಟರ್ ಸೋರಿ ಬೋರ್ಡಿನ ಮೇಲೆ ಕಲೆ ಹಿಡಿದಿತ್ತು. ನಮ್ಮ ಮಳೆಗಾಲಕ್ಕೆ ಮೂವತ್ತು ವರ್ಷ ತಡೆದದ್ದೇ ಹೆಚ್ಚು. ಇನ್ನೊಂದು, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್. ಬರೀ ಪೆಟ್ರೋಲಾದರೆ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು. ಇದಕ್ಕೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬಿಡಬೇಕು. ಒಂದೇ ಸಮ ಓಡಿಸುವಾಗ ಹಳೇ ಡಬ್ಬಿ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಹೇಗೋ ಸರಿದೂಗಿಸುತ್ತದೆ. ಪೂರ್ತಿ ಒತ್ತಿದಾಗ ಸೆನ್ಸರ್ ಮಾತು ಕೇಳುವುದಿಲ್ಲ, ತನ್ನೊಳಗಿನ ಹಳೇ ಲೆಕ್ಕವೇ ಲೆಕ್ಕ. ಘಾಟಿ ಹತ್ತುವಾಗ ಇಂಜಿನ್ ಒಣಗಿದ ಹಾಗೆ ಓಡುತ್ತಿದ್ದದ್ದು ಅದಕ್ಕೇ ಅಂತ ನನ್ನ ಅಂದಾಜು.

ಹೊಸ ಡಬ್ಬಿಗೆ ಆಯ್ಕೆ ಬೇಕಾದಷ್ಟಿದೆ. ಆಸ್ಟ್ರೇಲಿಯಾದ ಹಾಲ್ಟೆಕ್, ನ್ಯೂಜಿಲೆಂಡಿನ ಲಿಂಕ್ ನನ್ನ ಜೇಬಿಗೆ ದೂರ. ಕಡೆಗೆ ಮೆಗಾಸ್ಕ್ವರ್ಟ್ ತರಿಸಿದೆ, ಅದೂ ಈ ಗಾಡಿಗೇ ಅಂತ ಮಾಡಿದ್ದಲ್ಲ. ವೈರಿಂಗ್ ಎಲ್ಲ ನಮ್ಮ ಪಾಡು.

ವೈರಿಂಗಿಗೆ ಭಾವ. ತೋಟದ ಪಂಪ್‌ಸೆಟ್ಟು, ಪಲ್ಪರ್ ಮೋಟರು ಎಲ್ಲ ಅವರದ್ದೇ ಕೈ. ಕಾರ್ಪೆಟ್ ಎತ್ತಿ ಹಳೇ ಡಬ್ಬಿ ಬಿಚ್ಚಿದೆವು. ಒಂದೊಂದೇ ವೈರಿಗೆ ಟೇಪ್ ಸುತ್ತಿ ನಂಬರ್ ಬರೆದೆವು. ಏರ್‌ಫ್ಲೋ ಮೀಟರ್ ತೆಗೆದು ಬದಿಗಿಟ್ಟೆವು. ಅದೊಂದು ಅಲ್ಯುಮಿನಿಯಂ ಪೆಟ್ಟಿಗೆ. ಒಳಗೆ ಸ್ಪ್ರಿಂಗ್ ಹಾಕಿದ ಒಂದು ಬಾಗಿಲು. ಇಂಜಿನ್ ಗಾಳಿ ಎಳೆದರೆ ಬಾಗಿಲು ತೆರೆಯುತ್ತದೆ, ಎಷ್ಟು ತೆರೆಯಿತು ಅನ್ನುವುದೇ ಲೆಕ್ಕ. ಹೊಸ ಡಬ್ಬಿಗೆ ಅದು ಬೇಡ. ಮ್ಯಾನಿಫೋಲ್ಡಿನ, ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯ, ಒತ್ತಡ ಮತ್ತು ಗಾಳಿಯ ಬಿಸಿ ಗೊತ್ತಾದರೆ ಸಾಕು. ಬಿಸಿ ಅಳೆಯುವ ಸೆನ್ಸರ್ ಕೂಡ ಆ ಪೆಟ್ಟಿಗೆಯೊಳಗೇ ಇತ್ತು, ಹಾಗಾಗಿ ಬೇರೆ ಹಾಕಿದೆವು. ಇಷ್ಟು ನೆನಪಿಟ್ಟುಕೊಂಡಿದ್ದಕ್ಕೆ ನನಗೆ ನಾನೇ ಶಭಾಷ್ ಅಂದುಕೊಂಡಿದ್ದೆ.

ನಿನ್ನೆ ಸಂಜೆ ಸೆಲ್ಫ್ ಹೊಡೆದೆ. ಚಕ್ ಅಂತ ಸ್ಟಾರ್ಟ್ ಆಯಿತು. ಭಾವ ಚಪ್ಪಾಳೆ ತಟ್ಟಲು ಕೈ ಎತ್ತಿದರು, ಅಷ್ಟರಲ್ಲಿ ನಿಂತಿತು. ಮತ್ತೆ ಹೊಡೆದೆ, ಮತ್ತೆ ಹಾಗೇ. ಕೀ ಹಿಡಿದಿರುವಷ್ಟು ಹೊತ್ತು ಇಂಜಿನ್ ಉಸಿರಾಡುತ್ತದೆ, ಕೀ ಬಿಟ್ಟರೆ ಎರಡು ಸೆಕೆಂಡ್, ಆಮೇಲೆ ಸತ್ತೇ ಹೋಗುತ್ತದೆ. ನಾನು ಲ್ಯಾಪ್‌ಟಾಪಿನಲ್ಲಿ ಪೆಟ್ರೋಲ್ ಲೆಕ್ಕ ಏರಿಸಿದೆ, ಇಳಿಸಿದೆ, ಐಡಲ್ ವಾಲ್ವ್ ಕಡೆ ಬೆರಳು ತೋರಿಸಿದೆ. ಮೂರು ಗಂಟೆ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯೂ ಅರ್ಧ ಹೋಯಿತು.

ಆಗ ಭಾವ ಹಿಂದೆ ಹೋಗಿ ಟ್ಯಾಂಕಿನ ಹತ್ತಿರ ಕಿವಿ ಇಟ್ಟು ನಿಂತರು.

"ಇನ್ನೊಂದು ಸಲ ಹೊಡಿಯೋ."

ಹೊಡೆದೆ.

"ನೀನು ಕೀ ಬಿಟ್ಟ ತಕ್ಷಣ ಪಂಪೂ ನಿಲ್ಲುತ್ತೆ ಮಾರಾಯ. ಇದಕ್ಕೆ ಕರೆಂಟ್ ಕೊಡೋದು ಯಾರು?"

ಟಾರ್ಚ್ ಹಿಡಿದು ವೈರಿಂಗ್ ಚಿತ್ರ ಬಿಡಿಸಿದಾಗ ಸಿಕ್ಕಿತು. ಈ 1.6ರಲ್ಲಿ ಪಂಪನ್ನು ನಡೆಸುತ್ತಿದ್ದದ್ದು ಹಳೇ ಕಂಪ್ಯೂಟರ್ ಅಲ್ಲವೇ ಅಲ್ಲ. ಅದೇ ಬಾಗಿಲು! ಬಾಗಿಲು ತೆರೆದರೆ ಒಳಗಿನ ಸ್ವಿಚ್ ರಿಲೇಗೆ ಅರ್ಥ್ ಕೊಡುತ್ತದೆ, ಪಂಪ್ ಓಡುತ್ತದೆ. ಇಂಜಿನ್ ನಿಂತರೆ ಬಾಗಿಲು ಮುಚ್ಚಿ ಪಂಪ್ ನಿಲ್ಲುತ್ತದೆ. ಎಲ್ಲಾದರೂ ಗುದ್ದಿದಾಗ ಪೆಟ್ರೋಲ್ ಸುಮ್ನೆ ಸುರಿಯಬಾರದಲ್ವಾ, ಅದಕ್ಕೆ. ಸೆಲ್ಫ್ ಹೊಡೆಯುವಾಗ ಮಾತ್ರ ಸೆಲ್ಫಿನ ವೈರಿನಿಂದಲೇ ರಿಲೇಗೆ ಕರೆಂಟ್ ಬರುತ್ತದೆ. ಆ ಪೆಟ್ಟಿಗೆಯನ್ನು ನಾವೇ ಬಿಚ್ಚಿ ಕಾಫಿ ಚೀಲದ ಮೇಲೆ ಇಟ್ಟಿದ್ದೆವು.

ಇವತ್ತು ಬೆಳಿಗ್ಗೆ ಹೊಸ ಡಬ್ಬಿಯ ಪಂಪ್ ವೈರನ್ನು ಆ ರಿಲೇಗೆ ಸೇರಿಸಿದ್ದು ಹತ್ತೇ ನಿಮಿಷದ ಕೆಲಸ. ಸ್ಟಾರ್ಟ್ ಆಯಿತು. ನಿಲ್ಲಲಿಲ್ಲ. ಕಂಪ್ಯೂಟರಿನಲ್ಲಿ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, 10 ಡಿಗ್ರಿಗೆ ಕಟ್ಟಿಹಾಕಿ, ಟೈಮಿಂಗ್ ಲೈಟ್ ಹಿಡಿದು ಪುಲ್ಲಿ ನೋಡಿದೆವು. ಪರದೆ 10 ಅಂತಿತ್ತು, ಪುಲ್ಲಿ 14 ಅಂತಿತ್ತು. ಇಂಥಲ್ಲಿ ಪುಲ್ಲಿಯನ್ನೇ ನಂಬಬೇಕು. ಹೆಡ್ಡಿನ ಹಿಂದಿರುವ ಸೆನ್ಸರನ್ನು ಕೂದಲೆಳೆಯಷ್ಟು ತಿರುಗಿಸಿ ಎರಡನ್ನೂ ಒಂದು ಮಾಡಿದೆವು.

ಮಧ್ಯಾಹ್ನ ಮಳೆ ಸ್ವಲ್ಪ ಕಡಿಮೆಯಾದಾಗ ಪೆರುಂಬಾಡಿ ದಾಟಿ ಮಾಕುಟ್ಟದವರೆಗೆ ಇಳಿದೆವು. ಭಾವನ ಕೈಯಲ್ಲಿ ಸ್ಟೀರಿಂಗ್, ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್, ಅದರ ಮೇಲೆ ಟಾಪಿನಿಂದ ತೊಟ್ಟಿಕ್ಕುವ ನೀರು. ಹೊರಡುವಾಗ ಪರದೆಯಲ್ಲಿ ಹೊರಗಿನ ಒತ್ತಡ 91 ಕಿಲೋಪಾಸ್ಕಲ್ ಇತ್ತು. ಕೆಳಗೆ ಹೋದ ಮೇಲೂ 91! ಸೆನ್ಸರ್ ಕೆಟ್ಟಿತು ಅಂತ ಹೆದರಿದೆ. ಆಮೇಲೆ ನೆನಪಾಯಿತು, ಈಗಿರುವ ಸೆಟ್ಟಿಂಗಿನಲ್ಲಿ ಅದು ಕೀ ಹಾಕಿದ ಕ್ಷಣ ಮಾತ್ರ ಹೊರಗಿನ ಒತ್ತಡ ಓದುತ್ತದೆ. ಆಫ್ ಮಾಡಿ ಆನ್ ಮಾಡಿದೆ, 99 ತೋರಿಸಿತು. ಒಂದೇ ದಾರಿಯಲ್ಲಿ ಇಷ್ಟು ಎತ್ತರ ಏರಿ ಇಳಿಯುವ ನಮ್ಮಂಥವರು ಅದಕ್ಕೇ ಅಂತ ಬೇರೆ ಸೆನ್ಸರ್ ಹಾಕಿಕೊಳ್ಳುವುದೇ ಒಳ್ಳೆಯದು. ಪಟ್ಟಿಗೆ ಸೇರಿಸಿದ್ದೇನೆ.

ಹತ್ತುವಾಗ ಎರಡನೇ ಗೇರಿನಲ್ಲಿ ಭಾವ ಒಂದು ಸಲ ಪೂರ್ತಿ ಒತ್ತಿದರು. ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವ ಲ್ಯಾಂಬ್ಡಾ (1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ) 0.87ಕ್ಕೆ ಬಂದು ಅಲ್ಲೇ ನಿಂತಿತು. ನನಗೆ ಬೇಕಾಗಿದ್ದದ್ದು ಅದೇ. ಆದರೆ ಮೆಲ್ಲಗೆ ಓಡಿಸುವಾಗ ಇನ್ನೂ ಎಳೆದೆಳೆದು ಹೋಗುತ್ತದೆ. ಈ ಗಾಡಿಯ ಥ್ರಾಟಲ್ ಸೆನ್ಸರಿಗೆ ಗೊತ್ತಿರುವುದು ಎರಡೇ, ಕಾಲು ಬಿಟ್ಟದ್ದು ಮತ್ತು ಪೂರ್ತಿ ಒತ್ತಿದ್ದು. ನಡುವಿನದ್ದು ಗೊತ್ತಿಲ್ಲ. ಅದನ್ನೂ ಬದಲಾಯಿಸಬೇಕು.

ಮನೆಗೆ ಬಂದಾಗ ಪಾಯಸ ತಣ್ಣಗಾಗಿತ್ತು. ತಟ್ಟೆಯಲ್ಲಿ ನೇರಳೆ ಬಣ್ಣ, ಮೇಲೆ ತೆಂಗಿನ ತುರಿ. "ಕೈ ತೊಳೆದ್ರಾ?" ಅಂತ ಅಕ್ಕ ಕೇಳಿದಳು. ಭಾವ ತಮ್ಮ ಕೈ ನೋಡಿಕೊಂಡು, ಏನೂ ಹೇಳದೆ ಹಿತ್ತಲ ಕಡೆ ನಡೆದರು.